ಗೋಡೆಯ ಮೇಲಿನ ಆಕಾಶಗಂಗೆಗೆ ಬಾಣ ಎಳೆಯುವ ಮುನ್ನ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಲಾ ಮುಖ್ಯೋಪಾಧ್ಯಾಯರಿಗೆ, ಎಸ್‌ಡಿಎಂಸಿ ಅಧ್ಯಕ್ಷರಿಗೆ, ಹಳೆ ವಿದ್ಯಾರ್ಥಿ ಸಂಘದವರಿಗೆ ಮತ್ತು ಗೋಡೆಗೆ ಬಣ್ಣ ಕೊಡಿಸುವ ದಾನಿಗಳಿಗೆ,

ನಮಸ್ಕಾರ.

ನಾನು ಗೋಡೆ ಬರೆಯುವವನು. ಫ್ಲೆಕ್ಸ್ ಬರುವುದಕ್ಕೆ ಮುಂಚೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ, ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಹೆಸರು ಬರೆಯುತ್ತಿದ್ದೆ. ಬೋರ್ಡಿನ ಕೆಲಸವನ್ನು ಫ್ಲೆಕ್ಸ್ ನುಂಗಿತು. ಬೋಟು ಉಳಿಯಿತು, ಶಾಲೆಗಳು ಹೊಸದಾಗಿ ಸಿಕ್ಕಿದವು. ಏಪ್ರಿಲ್ ಬಂತೆಂದರೆ ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಹಳೆ ವಿದ್ಯಾರ್ಥಿಯೊಬ್ಬರು ತಮ್ಮೂರಿನ ಶಾಲೆಯ ಬಣ್ಣಕ್ಕೆಂದು ಹಣ ಕಳಿಸುತ್ತಾರೆ. ಮಳೆ ಹಿಡಿಯುವುದರೊಳಗೆ ಗೋಡೆ ಮುಗಿಯಬೇಕು. ಮೊದಲೆಲ್ಲ ಗಾಂಧೀಜಿ, ವರ್ಣಮಾಲೆ, ಭಾರತದ ಭೂಪಟ ಬರೆದರೆ ಆಗುತ್ತಿತ್ತು. ಆಮೇಲೆ ಶಾಲೆಯನ್ನೇ ರೈಲು ಬೋಗಿಯ ಹಾಗೆ ಬರೆಸುವ ಹುಚ್ಚು ಬಂತು. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3 ಇಳಿದದ್ದೇ ಇಳಿದದ್ದು, ಈಗ ಎಲ್ಲರಿಗೂ ಬಾಹ್ಯಾಕಾಶ ಬೇಕು. ಅದರಲ್ಲೂ ಆಕಾಶಗಂಗೆ, ಅಂದರೆ ನಮ್ಮ ಸೂರ್ಯನೂ ಇರುವ ನಕ್ಷತ್ರಗಳ ದೊಡ್ಡ ಗುಂಪು, ಬೇಕು. ಸುರುಳಿ ಸುರುಳಿಯಾಗಿ, ನಡುವೆ ಹಳದಿ, ಅಂಚಿಗೆ ನೀಲಿ, ಒಂದು ಮೂಲೆಯಲ್ಲಿ ಕೆಂಪು ಬಾಣ, ಪಕ್ಕದಲ್ಲಿ ‘ನಾವು ಇಲ್ಲಿದ್ದೇವೆ’.

ಬರೆಸಬೇಡಿ ಎನ್ನುತ್ತಿಲ್ಲ, ಅದು ನನ್ನ ಹೊಟ್ಟೆಪಾಡು. ಹೇಗೆ ಬರೆಸುತ್ತೀರಿ ಎಂಬ ಬಗ್ಗೆ ನನ್ನದೊಂದು ತಕರಾರಿದೆ. ಕಳೆದ ಬೇಸಿಗೆಯಲ್ಲಿ ನಾನೇ ಬರೆದ ಒಂದು ಗೋಡೆ ಅದಕ್ಕೆ ಕಾರಣ. ಶಾಲೆಯ ಹೆಸರು ಬೇಡ. ತಪ್ಪಿನಲ್ಲಿ ನನ್ನದೂ ಅರ್ಧ ಪಾಲಿದೆ.

ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರದ ಗೋಡೆ. ಸಂಘದ ಖಜಾಂಚಿಯವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ನಾನು ಚೌಕ ಎಳೆದು ಅಳತೆ ಹಿಡಿಯುವಷ್ಟರಲ್ಲಿ ಅವರಿಗೊಂದು ಯೋಚನೆ ಬಂತು. ಚಿತ್ರದಲ್ಲಿ ಸೂರ್ಯನ ಚುಕ್ಕಿ ಬಲಕ್ಕಿದೆ, ದಾನಿಗಳ ಹೆಸರಿನ ಗ್ರಾನೈಟ್ ಫಲಕ ಎಡಕ್ಕಿದೆ. “ಎಡ ಬಲ ತಿರುಗಿಸಿ ಬರೆಯಿರಿ ಆರ್ಟಿಸ್ಟರೇ, ಸೂರ್ಯ ಫಲಕದ ಹತ್ತಿರ ಬರಲಿ” ಎಂದರು. ತಿರುಗಿಸಿದೆ. ಕೊನೆಗೆ ಆಕಾಶಗಂಗೆ ತಿರುಗುವ ದಿಕ್ಕನ್ನು ತೋರಿಸಲು ಹೊರಗಿನಿಂದ ಒಂದು ದೊಡ್ಡ ಬಾಣ. ಅದನ್ನು ಮಾತ್ರ ಮೊಬೈಲಿನಲ್ಲಿ ಇದ್ದ ಹಾಗೆಯೇ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಎಳೆದುಬಿಟ್ಟೆ.

ರಾತ್ರಿ ಊಟಕ್ಕೆ ಕುಳಿತಾಗ ಹೊಳೆಯಿತು. ದೀಪಾವಳಿಗೆ ಮಕ್ಕಳು ಹೊತ್ತಿಸುವ ನೆಲಚಕ್ರವನ್ನು ನೆನೆಸಿಕೊಳ್ಳಿ. ಚಕ್ರ ಒಂದು ಕಡೆಗೆ ತಿರುಗಿದರೆ ಕಿಡಿಗಳ ಬಾಲ ಹಿಂದಕ್ಕೆ ಬಾಗಿರುತ್ತದೆ. ಆಕಾಶಗಂಗೆಯ ಸುರುಳಿ ತೋಳುಗಳೂ ಹೀಗೇ ತಿರುಗುವ ದಿಕ್ಕಿಗೆ ಹಿಂದಾಗಿ ಬಾಗಿವೆ. ಅದರ ತಟ್ಟೆಯ ಉತ್ತರದ ಕಡೆಯಿಂದ ನೋಡಿದರೆ ನಮ್ಮ ಆಕಾಶಗಂಗೆ ಗಡಿಯಾರದಂತೆಯೇ ತಿರುಗುತ್ತದೆ. ಚಿತ್ರವನ್ನು ಎಡ ಬಲ ತಿರುಗಿಸಿದರೆ ದಕ್ಷಿಣದ ಕಡೆಯಿಂದ ನೋಡಿದ ಹಾಗಾಗುತ್ತದೆ, ಅಷ್ಟೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಾಣವನ್ನೂ ಜೊತೆಗೆ ತಿರುಗಿಸಬೇಕು. ನಾನು ತಿರುಗಿಸಲಿಲ್ಲ. ನನ್ನ ಗೋಡೆಯ ಆಕಾಶಗಂಗೆ ಬಾಲವನ್ನು ಮುಂದಕ್ಕೆ ಚಾಚಿಕೊಂಡು ಓಡುತ್ತಿದೆ. (ಎನ್‌ಜಿಸಿ 4622 ಎಂಬ, ನಮ್ಮ ಆಕಾಶಗಂಗೆಯಂಥದೇ ದೂರದ ಗ್ಯಾಲಕ್ಸಿಯಲ್ಲಿ ಹೀಗೆ ಮುಂದಕ್ಕೆ ಚಾಚಿದ ತೋಳುಗಳಿವೆಯೆಂದು ಖಗೋಳ ವಿಜ್ಞಾನಿಗಳು ಹೇಳಿದ್ದಾರೆ. ಖಜಾಂಚಿಯವರು ಅದನ್ನೇ ಬರೆಸಿದರು ಎಂದುಕೊಂಡು ನಾನು ಸಮಾಧಾನ ಪಟ್ಟುಕೊಳ್ಳಬಹುದಿತ್ತು.)

ಮರುದಿನ ಬೆಳಿಗ್ಗೆ ಹೋಗಿ ಬಾಣ ಅಳಿಸುತ್ತೇನೆ ಎಂದೆ. “ತಿರುಗುತ್ತದೆ ಅಂತ ಮಕ್ಕಳಿಗೆ ಗೊತ್ತಾದರೆ ಸಾಲದೇ? ಉದ್ಘಾಟನೆ ನಾಡಿದ್ದು” ಎಂಬ ಉತ್ತರ ಬಂತು. ಕೆಳಗೆ ಬರೆಯಲು ಚೀಟಿಯಲ್ಲಿ ಒಂದು ಸಾಲು ಕೊಟ್ಟರು: ‘ನಮ್ಮ ಆಕಾಶಗಂಗೆ – ಉಪಗ್ರಹ ತೆಗೆದ ಚಿತ್ರ’. ಅದನ್ನೂ ಬರೆದೆ. ಎನಾಮಲ್ ಬಣ್ಣದಲ್ಲಿ, ಐದಿಂಚಿನ ಅಕ್ಷರದಲ್ಲಿ. ಹತ್ತು ವರ್ಷ ಅಳಿಯುವುದಿಲ್ಲ.

ಉಪಗ್ರಹವೂ ತೆಗೆದಿಲ್ಲ, ಬೇರೆ ಯಾರೂ ತೆಗೆದಿಲ್ಲ. ನಮ್ಮ ಆಕಾಶಗಂಗೆಯನ್ನು ಹೊರಗೆ ನಿಂತು ತೆಗೆದ ಫೋಟೊ ಭೂಮಿಯ ಮೇಲೆ ಒಂದೂ ಇಲ್ಲ. ಹೊರಗೆ ಹೋಗುವುದಾದರೂ ಹೇಗೆ? 1977ರಲ್ಲಿ ಹೊರಟ ವಾಯೇಜರ್ 1 ಇಷ್ಟು ವರ್ಷ ಓಡಿ ಕ್ರಮಿಸಿರುವುದು ಬೆಳಕಿಗೆ ಹೆಚ್ಚುಕಡಿಮೆ ಒಂದು ದಿನದ ದಾರಿ. ಆಕಾಶಗಂಗೆಯ ತಟ್ಟೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ಅಂದರೆ ಬೆಳಕಿಗೇ ಒಂದು ಲಕ್ಷ ವರ್ಷದ ದಾರಿ. ನೀವು ಮೊಬೈಲಿನಲ್ಲಿ ತೋರಿಸುವ ಚಿತ್ರ ಯಾರೋ ನನ್ನಂಥವರೇ ಕುಳಿತು ಬರೆದದ್ದು. ಅವರ ಕೈಗೆ ಕೊಟ್ಟ ಅಳತೆಗಳು ಮಾತ್ರ ಖಗೋಳ ವಿಜ್ಞಾನಿಗಳವು. ಇನ್ನೊಂದು ಶಾಲೆಯಲ್ಲಿ ನಾನು ಕಂಡದ್ದು ಅದಕ್ಕೂ ಮೋಜಿನದು. ಅಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೊವನ್ನು ಹಿಗ್ಗಿಸಿ ಅಂಟಿಸಿ, ಅದರ ಒಂದು ಅಂಚಿಗೆ ಬಾಣ ಹಾಕಿ ‘ನಾವು ಇಲ್ಲಿದ್ದೇವೆ’ ಎಂದು ಬರೆದಿದ್ದರು. ಅದು ಇಲ್ಲಿಂದ 25 ಲಕ್ಷ ಜ್ಯೋತಿರ್ವರ್ಷ ದೂರದ ನೆರೆಮನೆ. ನೆರೆಮನೆಯ ಫೋಟೊಕ್ಕೆ ಚೌಕಟ್ಟು ಹಾಕಿಸಿ ನಮ್ಮ ಚಾವಡಿಯಲ್ಲಿ ತೂಗುಹಾಕಿದ ಹಾಗಾಯಿತು.

ಮನೆಯ ಒಳಗೇ ಕುಳಿತು ಮನೆಯ ನಕ್ಷೆ ಬರೆದ ಕತೆ ಫೋಟೊ ತೆಗೆಯುವುದಕ್ಕಿಂತ ದೊಡ್ಡದು. ಅದನ್ನು ಗೋಡೆಯಿಂದ ಒರೆಸಿ ಹಾಕಿ ‘ಉಪಗ್ರಹ ತೆಗೆದ ಚಿತ್ರ’ ಎಂದು ಬರೆದದ್ದು ನನ್ನನ್ನು ಕೊರೆಯುತ್ತಿದೆ.

1785ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಒಂದೊಂದು ದಿಕ್ಕಿಗೂ ದೂರದರ್ಶಕ ತಿರುಗಿಸಿ ನಕ್ಷತ್ರಗಳನ್ನು ಎಣಿಸಿ ಒಂದು ನಕ್ಷೆ ಮಾಡಿದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವೆಯೇ ಇದ್ದ. ಎಣಿಕೆ ಪ್ರಾಮಾಣಿಕವಾಗಿತ್ತು, ಕೈಕೊಟ್ಟದ್ದು ನಕ್ಷತ್ರಗಳ ನಡುವಿನ ಧೂಳು. ಮಾಘ ಮಾಸದ ಮಂಜಿನಲ್ಲಿ ಗದ್ದೆಯ ನಡುವೆ ನಿಂತವನಿಗೆ ಸುತ್ತಲೂ ಒಂದೇ ದೂರದವರೆಗೆ ಕಾಣುತ್ತದೆ. ತಾನೇ ಬಯಲಿನ ನಡುವೆ ಇದ್ದೇನೆ ಎಂದುಕೊಳ್ಳುತ್ತಾನೆ. 1918ರಲ್ಲಿ ಹಾರ್ಲೊ ಶಾಪ್ಲಿ ನಕ್ಷತ್ರಗಳ ಗೋಲಗುಚ್ಛಗಳು ಎಲ್ಲಿ ಗುಂಪುಗೂಡಿವೆ ಎಂದು ನೋಡಿ, ಕೇಂದ್ರ ಧನು ರಾಶಿಯ ಕಡೆಗೆ ಬಹಳ ದೂರದಲ್ಲಿದೆ ಎಂದರು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಡುವಿನ ಧೂಳು ಬೆಳಕನ್ನು ಕುಡಿಯುತ್ತದೆ ಎಂದು ಅಳೆದು ತೋರಿಸಿದರು. ನಾನು ಗೋಡೆಯಲ್ಲಿ ತೋಳುಗಳ ಒಳಅಂಚಿಗೆ ಕಪ್ಪು ಪಟ್ಟಿ ಬಿಟ್ಟಾಗ ಒಬ್ಬರು “ಅಲ್ಲಿ ಕೊಳೆಯಾಗಿದೆ” ಎಂದಿದ್ದರು. ಹೌದು, ಕೊಳೆಯೇ. ಅದೇ ಕೊಳೆ ಹರ್ಷೆಲ್ ಅವರ ನಕ್ಷೆಯನ್ನು ಕೆಡಿಸಿತ್ತು. ದಯವಿಟ್ಟು ಅದನ್ನು ಬಿಳಿ ಬಳಿಸಿ ಮುಚ್ಚಬೇಡಿ.

ಧೂಳನ್ನು ದಾಟಿ ಬರುವುದು ರೇಡಿಯೊ ಅಲೆ. ಹೈಡ್ರೊಜನ್ ಅನಿಲ 21 ಸೆಂಟಿಮೀಟರ್ ಅಲೆಯಲ್ಲಿ ಮಿಡಿಯಬೇಕು ಎಂದು 1944ರಲ್ಲಿ, ಯುದ್ಧದ ನಡುವೆ, ಡಚ್ ವಿದ್ಯಾರ್ಥಿ ವಾನ್ ಡೆ ಹುಲ್ಸ್ಟ್ ಲೆಕ್ಕ ಹಾಕಿದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಇವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಪ್ರಯೋಗಾಲಯದ ಕಿಟಕಿಯಿಂದ ಹೊರಗೆ ಚಾಚಿದ ದೊಡ್ಡ ಕೊಂಬಿನಂಥ ಆಂಟೆನಾ ಅವರದು. ಮಳೆ ಬಂದರೆ ನೀರು ಅದರೊಳಗಿಂದ ನೇರ ಕೋಣೆಗೆ ಬರುತ್ತಿತ್ತಂತೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಇಟ್ಟಿದ್ದರೆ ಪ್ರಯೋಗಾಲಯವೇ ತೇಲುತ್ತಿತ್ತು. ಆಮೇಲಿನ ಉಪಾಯ ಹೆದ್ದಾರಿ ಬದಿಯ ಯಾರಿಗೂ ಗೊತ್ತಿರುವಂಥದ್ದು: ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಒತ್ತಿಕೊಂಡೇ ಬಂದು ದಾಟಿ ಹೋಗುವಾಗ ಸ್ವರ ಇಳಿಯುತ್ತದಲ್ಲ, ಕಣ್ಣು ಮುಚ್ಚಿದ್ದರೂ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುತ್ತದೆ. ಹೈಡ್ರೊಜನ್ ಅಲೆಯ ಸ್ವರ ಏರಿದೆಯೋ ಇಳಿದಿದೆಯೋ ನೋಡಿ ಯಾವ ಮೋಡ ಎಷ್ಟು ವೇಗದಲ್ಲಿ ಬರುತ್ತಿದೆ, ಹೋಗುತ್ತಿದೆ ಎಂದು ಅಳೆದರು. ತಿರುಗುವ ವೇಗದ ಲೆಕ್ಕದಿಂದ ಅದರ ಜಾಗ ಗುರುತಿಸಿದರು. ಉತ್ತರದ ಆಕಾಶವನ್ನು ನೆದರ್ಲೆಂಡ್ಸ್‌ನಿಂದ, ದಕ್ಷಿಣದ್ದನ್ನು ಸಿಡ್ನಿಯಿಂದ ಅಳೆದು, 1958ರಲ್ಲಿ ಊರ್ಟ್, ಕೆರ್ ಮತ್ತು ವೆಸ್ಟರ್‌ಹೌಟ್ ಸುರುಳಿಗಳ ನಕ್ಷೆ ಪ್ರಕಟಿಸಿದರು.

ಆ ನಕ್ಷೆಯ ಚಿತ್ರವನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಸೂರ್ಯನಿಂದ ಕೇಂದ್ರದ ಕಡೆಗೆ ನೋಡುವ ದಿಕ್ಕಿನಲ್ಲಿ ಒಂದು ತ್ರಿಕೋನ ಖಾಲಿ ಇದೆ. ಆ ದಿಕ್ಕಿನಲ್ಲಿ ಎಲ್ಲವೂ ನಮಗೆ ಅಡ್ಡಲಾಗಿ ಓಡುವುದರಿಂದ ಸ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಜಾಗ ಹೇಳಲು ಬರುವುದಿಲ್ಲ. ಹಾಗಾಗಿ ಏನನ್ನೂ ಬರೆಯದೆ ಬಿಟ್ಟಿದ್ದಾರೆ. ನಲವತ್ತು ವರ್ಷದ ನನ್ನ ಕಸುಬಿನಲ್ಲಿ ಗೋಡೆಯ ಒಂದು ಮೂಲೆಯನ್ನೂ ಖಾಲಿ ಬಿಡಲು ಯಾರೂ ಒಪ್ಪಿದ್ದಿಲ್ಲ. ಹಣ ಕೊಟ್ಟಿದ್ದೇವಲ್ಲ, ತುಂಬಿಸಿ ಎನ್ನುತ್ತಾರೆ.

ಈಚಿನ ಅಳತೆ ಇನ್ನೂ ಸೂಕ್ಷ್ಮ. ನಕ್ಷತ್ರ ಹುಟ್ಟುವ ಜಾಗಗಳಲ್ಲಿ ನೀರಿನ ಆವಿಯೂ ಮೆಥನಾಲೂ ರೇಡಿಯೊ ದೀಪಗಳ ಹಾಗೆ ಹೊಳೆಯುತ್ತವೆ. ಅವಕ್ಕೆ ಮೇಸರ್ ಎನ್ನುತ್ತಾರೆ. ಭೂಮಿ ಸೂರ್ಯನ ಸುತ್ತ ಈ ಬದಿಯಿಂದ ಆ ಬದಿಗೆ ಹೋಗುವ ಆರು ತಿಂಗಳಲ್ಲಿ ಆ ದೀಪ ಹಿನ್ನೆಲೆಗೆ ಹೋಲಿಸಿದರೆ ಎಷ್ಟು ಸರಿದಂತೆ ಕಾಣುತ್ತದೆ ಎಂದು ನೋಡಿದರೆ ದೂರ ಸಿಗುತ್ತದೆ. ರೈಲಿನ ಕಿಟಕಿಯಲ್ಲಿ ಹತ್ತಿರದ ತೆಂಗಿನಮರ ಬೇಗ ಸರಿದು ದೂರದ ಘಟ್ಟ ನಿಧಾನ ಸರಿಯುವ ಲೆಕ್ಕವೇ ಇದು. ಆದರೆ ಇಲ್ಲಿ ಸರಿತ ಎಷ್ಟು ಸಣ್ಣದೆಂದರೆ, ಚಂದ್ರನ ಮೇಲಿಟ್ಟ ಒಂದು ರೂಪಾಯಿ ನಾಣ್ಯದ ಅಗಲ ಇಲ್ಲಿಂದ ಎಷ್ಟು ಕಂಡೀತೋ ಅಷ್ಟನ್ನು ಅಳೆಯಬೇಕು. ಹವಾಯಿ ದ್ವೀಪದಿಂದ ಕೆರಿಬಿಯನ್‌ವರೆಗೆ ಹರಡಿರುವ ಹತ್ತು ರೇಡಿಯೊ ತಟ್ಟೆಗಳನ್ನು ಒಂದೇ ಕಣ್ಣಿನಂತೆ ಬಳಸಿ, ಜಪಾನಿನ ತಟ್ಟೆಗಳ ಅಳತೆಯನ್ನೂ ಸೇರಿಸಿ, 2019ರಲ್ಲಿ ಸುಮಾರು 200 ಮೇಸರ್‌ಗಳ ನಕ್ಷೆ ಪ್ರಕಟವಾಯಿತು. ಮಾರ್ಕ್ ರೀಡ್ ಮತ್ತು ಸಂಗಡಿಗರ ಆ ಲೆಕ್ಕದಲ್ಲಿ ನಾವು ಕೇಂದ್ರದಿಂದ ಸುಮಾರು 26,600 ಜ್ಯೋತಿರ್ವರ್ಷ ದೂರ. ನಾವಿರುವ ಜಾಗದಲ್ಲಿ ಸುತ್ತುವ ವೇಗ ಸೆಕೆಂಡಿಗೆ ಸುಮಾರು 236 ಕಿಲೊಮೀಟರ್, ಅಂದರೆ ಉಡುಪಿಯಿಂದ ಮಂಗಳೂರಿಗೆ ಎರಡು ಸಲ ಹೋಗಿ ಬಂದಷ್ಟು. ತೋಳು ನಾಲ್ಕು, ಜೊತೆಗೆ ನಾವಿರುವ ಒಂದು ತುಂಡು ತೋಳು.

ಅಳೆದ ದೀಪಗಳಲ್ಲಿ ಹೆಚ್ಚಿನವು ಕೇಂದ್ರದ ಈಚೆಗಿವೆ. ತಟ್ಟೆಗಳು ಭೂಮಿಯ ಉತ್ತರಾರ್ಧದಲ್ಲಿರುವುದರಿಂದ ದಕ್ಷಿಣ ಆಕಾಶದ ಪಾಲು ಬಹಳ ಕಡಿಮೆ. ಕೇಂದ್ರದ ಆಚೆ, ನಮ್ಮಿಂದ 66,000 ಜ್ಯೋತಿರ್ವರ್ಷಕ್ಕೂ ದೂರದ ಒಂದೇ ಒಂದು ದೀಪದ ದೂರವನ್ನು ಅಳೆದದ್ದು 2017ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಗಯಾ ಎಂಬ ಯುರೋಪಿನ ವ್ಯೋಮನೌಕೆ 2025ರ ಜನವರಿಯವರೆಗೆ ಕೆಲಸ ಮಾಡಿ, 180 ಕೋಟಿಯಷ್ಟು ನಕ್ಷತ್ರಗಳ ಪಟ್ಟಿ ಕೊಟ್ಟಿದೆ. ಅದಕ್ಕೂ ಧೂಳಿನ ಕಾಟ ತಪ್ಪಲಿಲ್ಲ. ಅಂದರೆ ನನ್ನ ಗೋಡೆಯಲ್ಲಿ ಕೇಂದ್ರದ ಆಚೆಗೆ ನಾನು ಹಳೆಯ ಟೂತ್‌ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೀಟಿ ಸಿಡಿಸಿದ ತೋಳುಗಳೆಲ್ಲ ಈಚೆ ಕಡೆಯದನ್ನು ನೋಡಿ ಹೀಗಿರಬಹುದು ಎಂದು ಮುಂದುವರಿಸಿದವು.

ಹೆಬ್ಬೆರಳಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಎಂಟು ಅಡಿಯ ಚಿತ್ರದಲ್ಲಿ ಒಂದು ಇಂಚಿಗೆ ಸಾವಿರ ಜ್ಯೋತಿರ್ವರ್ಷ ಬೀಳುತ್ತದೆ. ಸೂರ್ಯನ ಚುಕ್ಕಿ ಇಟ್ಟ ಮೇಲೆ ಒದ್ದೆ ಬಣ್ಣದ ಮೇಲೆ ಅಕಸ್ಮಾತ್ತಾಗಿ ನನ್ನ ಹೆಬ್ಬೆರಳು ಒತ್ತಿತು. ಆ ಅಚ್ಚನ್ನು ನೋಡಿದರೆ, ಪಡುಕೆರೆಯ ಮರಳಿನ ಮೇಲೆ ಮಲಗಿ ಬರಿಗಣ್ಣಿಗೆ ಕಾಣುವ ಬಿಡಿ ನಕ್ಷತ್ರಗಳಲ್ಲಿ ಬಹುಪಾಲು ಅದರ ಆಚೀಚೆಯಲ್ಲೇ ಮುಗಿದುಹೋಗುತ್ತವೆ. ಅದನ್ನು ಒರೆಸುವ ಮನಸ್ಸಾಗಲಿಲ್ಲ. ಈಗಲೂ ಅಲ್ಲಿದೆ, ಹತ್ತಿರ ಹೋದರೆ ಗೆರೆಗಳೂ ಕಾಣುತ್ತವೆ.

ತಿರುಗುವ ಬಗ್ಗೆ ಇನ್ನೊಂದು ಮಾತು. ಮಕ್ಕಳು ಬಾಣ ನೋಡಿದ ಕೂಡಲೇ ರಥದ ಚಕ್ರವನ್ನು ನೆನೆಸಿಕೊಳ್ಳುತ್ತಾರೆ. ರಥಬೀದಿಯಲ್ಲಿ ಬೆಳೆದವರಿಗೆ ಇದು ಸಹಜ. ಚಕ್ರದಲ್ಲಿ ಅಂಚು ವೇಗವಾಗಿ, ಒಳಗು ನಿಧಾನವಾಗಿ ಸುತ್ತಿ, ಎರಡೂ ಒಟ್ಟಿಗೆ ಸುತ್ತು ಮುಗಿಸುತ್ತವೆ. ಆಕಾಶಗಂಗೆಯಲ್ಲಿ ನಡುವಿನ ಭಾಗ ಬಿಟ್ಟರೆ ಒಳಗಿನವರಿಗೂ ಹೊರಗಿನವರಿಗೂ ಹೆಚ್ಚುಕಡಿಮೆ ಒಂದೇ ವೇಗ. ಒಳಗಿನವರ ದಾರಿ ಗಿಡ್ಡ, ಅವರದು ಬೇಗ ಮುಗಿಯುತ್ತದೆ. ಕಾಣುವ ನಕ್ಷತ್ರಗಳ ತೂಕದಿಂದ ಹೊರಗಿನವರ ಈ ವೇಗವನ್ನು ವಿವರಿಸಲು ಆಗುವುದಿಲ್ಲ. ಕಣ್ಣಿಗೆ ಕಾಣದೆ ಸೆಳೆತದಿಂದ ಮಾತ್ರ ತಿಳಿಯುವ ಕಪ್ಪು ದ್ರವ್ಯದ ಮಾತು ಬಲಗೊಂಡದ್ದು ಇಂಥ ಅಳತೆಗಳಿಂದ. ತೋಳಿನಲ್ಲಿ ಯಾವಾಗಲೂ ಅವೇ ನಕ್ಷತ್ರಗಳು ಇರುತ್ತಿದ್ದರೆ ಅದು ಕೆಲವೇ ಸುತ್ತಿನಲ್ಲಿ ಚಕ್ಕುಲಿಯ ಹಾಗೆ ಬಿಗಿಯಾಗಿ ಸುತ್ತಿಕೊಳ್ಳಬೇಕಿತ್ತು. ಸೂರ್ಯನೇ ಹುಟ್ಟಿದಂದಿನಿಂದ ಇಪ್ಪತ್ತಕ್ಕೂ ಹೆಚ್ಚು ಸುತ್ತು ಹಾಕಿದ್ದಾನೆ, ತೋಳುಗಳು ಇನ್ನೂ ಬಿಡಿಯಾಗಿವೆ. 1964ರಲ್ಲಿ ಲಿನ್ ಮತ್ತು ಶು ಇದಕ್ಕೆ ಕೊಟ್ಟ ಉತ್ತರ ಉಡುಪಿಯವರಿಗೆ ಬೇಗ ಅರ್ಥವಾಗುತ್ತದೆ. ಪರ್ಯಾಯದ ದಿನ ಕಲ್ಸಂಕದಲ್ಲಿ ವಾಹನಗಳ ಸಾಲು ಬೆಳಿಗ್ಗೆಯಿಂದ ಸಂಜೆಯವರೆಗೆ ಇರುತ್ತದೆ, ಆದರೆ ಬೆಳಿಗ್ಗೆ ಸಿಕ್ಕಿಬಿದ್ದ ಕಾರು ಸಂಜೆ ಅಲ್ಲಿರುವುದಿಲ್ಲ. ತೋಳೂ ಅಂಥ ದಟ್ಟಣೆ. ನಕ್ಷತ್ರ ಒಳಹೊಕ್ಕು, ನಿಧಾನಿಸಿ, ಹೊರಗೆ ಹೋಗುತ್ತದೆ. ಈ ದಟ್ಟಣೆ ಬಹುಕಾಲ ಬಾಳುತ್ತದೆಯೋ, ಆಗಾಗ ಕರಗಿ ಮತ್ತೆ ಕಟ್ಟುತ್ತದೆಯೋ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಇದೆ.

ಕೇಂದ್ರದ ಕಡೆಗೇ ಮೂಲಾ ನಕ್ಷತ್ರ ಇರುವುದರಿಂದ ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂಬ ವಾಟ್ಸಾಪ್ ಸಂದೇಶವನ್ನು ನನಗೆ ಈಗಾಗಲೇ ಏಳು ಮಂದಿ ಕಳಿಸಿದ್ದಾರೆ. ಅದನ್ನು ಗೋಡೆಗೆ ಬರೆಯಲು ನನ್ನನ್ನು ಕರೆಯಬೇಡಿ.

ನನ್ನ ಕೋರಿಕೆ ಇಷ್ಟು. ಆಕಾಶಗಂಗೆ ಬರೆಸುವುದಾದರೆ ಕೆಳಗೆ ‘ಅಳತೆಗಳ ಆಧಾರದಲ್ಲಿ ಬರೆದ ಚಿತ್ರ, ಛಾಯಾಚಿತ್ರವಲ್ಲ’ ಎಂದು ಬರೆಯಲು ಬಿಡಿ. ದಾನಿಗಳ ಹೆಸರಿಗಿಂತ ಸಣ್ಣ ಅಕ್ಷರವಾದರೂ ಆದೀತು. ಕೇಂದ್ರದ ಆಚೆಗಿನ ತೋಳುಗಳನ್ನು ತುಂಬಿಸದೆ ಚುಕ್ಕಿಗೆರೆಯಲ್ಲಿ ಬಿಡಲು ಒಪ್ಪಿ. ಬಣ್ಣ ಉಳಿಯುತ್ತದೆ, ಆ ಹಣವನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ. ಬಾಣವನ್ನು ತೋಳಿನ ಬಾಗನ್ನು ನೋಡಿ ಎಳೆಯುತ್ತೇನೆ, ಮೊಬೈಲ್ ನೋಡಿ ಅಲ್ಲ. ಸಂಶಯ ಬಂದರೆ ಕೇಳಲು ದೂರ ಹೋಗಬೇಕಿಲ್ಲ. ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯವಿದೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಖಗೋಳ ಹವ್ಯಾಸಿಗಳಿದ್ದಾರೆ.

ಇನ್ನೊಂದು ನನ್ನದೇ ಆಸೆ. ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನಮ್ಮ ಮಕ್ಕಳೆಲ್ಲ ಪ್ರವಾಸದಲ್ಲಿ ಮುಟ್ಟಿ ಬಂದವರೇ. ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಅದು. ಸೂರ್ಯನಿಗೆ ಆಕಾಶಗಂಗೆಯ ಒಂದು ಸುತ್ತಿಗೆ ಬೇಕಾಗುವುದು 21 ಕೋಟಿ ವರ್ಷದಷ್ಟು. ಅಂದರೆ ಆ ಕಲ್ಲು ಆರುವಾಗ ಸೂರ್ಯ ಇದ್ದದ್ದು ಕೇಂದ್ರದ ಆಚೆಗೆ, ಇಲ್ಲಿಂದ ಅರ್ಧ ಸುತ್ತಿಗೆ ಸ್ವಲ್ಪ ಕಡಿಮೆ ಹಿಂದೆ. ತೋಳುಗಳೂ ಅಷ್ಟರಲ್ಲಿ ಜಾಗ ಬದಲಿಸಿವೆ, ಆದರೂ ಕೇಂದ್ರವನ್ನು ಹಿಡಿದು ಲೆಕ್ಕ ಹಾಕಬಹುದು. ನಾನು ಖಾಲಿ ಬಿಡಿ ಎಂದು ಕೇಳುತ್ತಿರುವ ಆ ಜಾಗದಲ್ಲೇ ಒಂದು ಸಣ್ಣ ಹಳದಿ ಚುಕ್ಕಿ ಇಟ್ಟು, ಪಕ್ಕದಲ್ಲಿ ‘ಸೈಂಟ್ ಮೇರೀಸ್ ಕಲ್ಲು ಹುಟ್ಟುವಾಗ ನಾವು ಇಲ್ಲಿದ್ದೆವು’ ಎಂದು ಬರೆಯಬೇಕೆಂದಿದೆ. ಅದಕ್ಕೆ ಮಜೂರಿ ಬೇಡ.

ಕಳೆದ ವರ್ಷದ ಗೋಡೆಯ ಬಾಣವನ್ನೂ ನನ್ನದೇ ಖರ್ಚಿನಲ್ಲಿ ಸರಿಮಾಡುತ್ತೇನೆ. ಆ ಶಾಲೆಯವರು ಇದನ್ನು ಓದಿದರೆ ಯಾವ ಗೋಡೆ ಎಂದು ಅವರಿಗೆ ಗೊತ್ತಾಗುತ್ತದೆ. ಬೀಗದ ಕೈ ಯಾರಲ್ಲಿದೆ ಎಂದು ತಿಳಿಸಿದರೆ ಸಾಕು, ಅರ್ಧ ದಿನದ ಕೆಲಸ. ಮೇ ಕೊನೆಯ ಪತ್ತನಾಜೆಯೊಳಗೆ ತಿಳಿಸಿ, ಆಮೇಲೆ ಗೋಡೆ ಒಣಗುವುದಿಲ್ಲ.

ಇಂತು,
ಗೋಡೆ ಬರೆಯುವವ
ಉಡುಪಿ